ಉಳಿಸಿದ ಮದ್ದು, ಉಳಿಯುವ ಜೀವ

(ಮಠದ ಮಾಸಿಕ ಗೋಷ್ಠಿಯಲ್ಲಿ ವೈದ್ಯರೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ)

 

ರಕ್ತದ ಕ್ಯಾನ್ಸರ್, ಅಂದರೆ ಲ್ಯುಕೇಮಿಯಾ ಕುರಿತು ಮಾತಾಡಲು ನನಗೆ ಹೇಳಿದ್ದಾರೆ. ಮೊದಲೇ ಒಂದು ಮಾತು. ಈ ಕಾಯಿಲೆ ಯಾರ ಪೂರ್ವಕರ್ಮದ ಫಲವೂ ಅಲ್ಲ, ಮುಟ್ಟಿದರೆ ಅಂಟುವುದೂ ಇಲ್ಲ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಬಗೆಯ ಲ್ಯುಕೇಮಿಯಾ ಶ್ರೀಮಂತ ದೇಶಗಳಲ್ಲಿ ನೂರರಲ್ಲಿ ಸುಮಾರು ತೊಂಬತ್ತು ಮಕ್ಕಳಿಗೆ ಗುಣವಾಗುತ್ತಿದೆ. ನಮ್ಮಲ್ಲೂ ಅದೇ ಔಷಧಿಗಳಿವೆ. ಆದರೂ ನಮ್ಮಲ್ಲಿ ಹಲವು ಮಕ್ಕಳು ಚಿಕಿತ್ಸೆಯ ನಡುವೆಯೇ ತೀರಿಕೊಳ್ಳುತ್ತಾರೆ. ಅದಕ್ಕೆ ಒಂದು ದೊಡ್ಡ ಕಾರಣ ಸೋಂಕು. ಆ ಸೋಂಕಿಗೂ ಇಲ್ಲಿ ಆರೋಗ್ಯವಾಗಿ ಕುಳಿತಿರುವ ನಮಗೂ ಏನು ಸಂಬಂಧ ಎಂಬುದೇ ಇಂದಿನ ಮಾತು.

ನಮ್ಮ ಎಲುಬಿನೊಳಗಿನ ಮಜ್ಜೆಯಲ್ಲಿ ರಕ್ತಕಣಗಳು ಹುಟ್ಟುತ್ತವೆ. ಬಿಳಿ ರಕ್ತಕಣಗಳಲ್ಲಿ ನ್ಯೂಟ್ರೋಫಿಲ್ ಎಂಬ ಬಗೆಯವು ಬ್ಯಾಕ್ಟೀರಿಯಾಗಳನ್ನು ಹಿಡಿದು ನುಂಗುವ ಕಾವಲುಗಾರರು. ಆರೋಗ್ಯವಂತರ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಇವು ಸಾಮಾನ್ಯವಾಗಿ 1500ಕ್ಕಿಂತ ಹೆಚ್ಚಿರುತ್ತವೆ. ಲ್ಯುಕೇಮಿಯಾದಲ್ಲಿ ಕೆಟ್ಟ ಕಣಗಳು ಮಜ್ಜೆಯನ್ನು ತುಂಬಿಕೊಂಡು ಒಳ್ಳೆಯ ಕಣಗಳಿಗೆ ಜಾಗವೇ ಇಲ್ಲದಂತೆ ಮಾಡುತ್ತವೆ. ಕಿಮೋಥೆರಪಿ ಆ ಕೆಟ್ಟ ಕಣಗಳನ್ನು ಕೊಲ್ಲುವಾಗ ಉಳಿದ ಕಾವಲುಗಾರರನ್ನೂ ಕೊಲ್ಲುತ್ತದೆ. ಲೆಕ್ಕ 500ಕ್ಕಿಂತ ಕೆಳಗಿಳಿದರೆ ಅಪಾಯದ ಕಾಲ. 1966ರಲ್ಲೇ ಅಮೆರಿಕದ ವೈದ್ಯ ಜೆರಾಲ್ಡ್ ಬೋಡಿ ಮತ್ತು ಸಂಗಡಿಗರು ಇದನ್ನು ತೋರಿಸಿಕೊಟ್ಟರು: ಈ ಕಣಗಳು ಕಡಿಮೆಯಾದಷ್ಟೂ, ಕಡಿಮೆಯಿರುವ ದಿನಗಳು ಉದ್ದವಾದಷ್ಟೂ ಸೋಂಕು ಹೆಚ್ಚು.

ಈ ಸೋಂಕು ಬಹಳ ಸಲ ಹೊರಗಿನಿಂದ ಬರುವುದೇ ಇಲ್ಲ. ಇ. ಕೋಲೈ, ಕ್ಲೆಬ್ಸಿಯೆಲ್ಲಾ ಮುಂತಾದವು ರೋಗಿಯ ಕರುಳಿನಲ್ಲೇ ಇರುತ್ತವೆ. ಕಿಮೋಥೆರಪಿಯಿಂದ ಬಾಯಿ, ಕರುಳಿನ ಒಳಪದರ ಹುಣ್ಣಾದಾಗ ಅಲ್ಲಿಂದ ರಕ್ತಕ್ಕೆ ನುಗ್ಗುತ್ತವೆ. ಅನುಕೂಲದ ವಾತಾವರಣದಲ್ಲಿ ಇ. ಕೋಲೈ ಇಪ್ಪತ್ತು ನಿಮಿಷಕ್ಕೊಮ್ಮೆ ಇಬ್ಬಾಗವಾಗುತ್ತದೆ. ತಡೆಯುವವರಿಲ್ಲದಿದ್ದರೆ ಎಂಟು ಗಂಟೆಯಲ್ಲಿ ಒಂದು ಇದ್ದದ್ದು ಒಂದು ಕೋಟಿ ಅರವತ್ತೇಳು ಲಕ್ಷ ದಾಟುತ್ತದೆ. ಕಾವಲುಗಾರರೇ ಇಲ್ಲದ ಕಾರಣ ಕೀವು ಕಟ್ಟುವುದಿಲ್ಲ, ಊತ ಕಾಣುವುದಿಲ್ಲ. ಜ್ವರವೊಂದೇ ಕೂಗು.

ಆದ್ದರಿಂದ ಇಂಥ ರೋಗಿಗೆ ಜ್ವರ ಬಂದರೆ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ರಕ್ತನಾಳಕ್ಕೆ ಸೇರಬೇಕು. ಮೊದಲು ಯಾವ ಕ್ರಿಮಿ ಎಂದು ಗೊತ್ತಾಗುವವರೆಗೆ ಕಾಯುತ್ತಿದ್ದರು. ಅಷ್ಟರಲ್ಲಿ ಅನೇಕರು ಸಾಯುತ್ತಿದ್ದರು. 1971ರಲ್ಲಿ ಸ್ಟೀಫನ್ ಶಿಂಪ್ಫ್ ಮತ್ತು ಸಂಗಡಿಗರು ಕಾಯದೆ ಕೂಡಲೇ ಔಷಧಿ ಆರಂಭಿಸುವ ಕ್ರಮವನ್ನು ವರದಿ ಮಾಡಿದರು. ಇಂದಿಗೂ ಅದೇ ನಿಯಮ. ರಕ್ತವನ್ನು ಪರೀಕ್ಷೆಗೆ ಕಳುಹಿಸುತ್ತೇವೆ, ಪೂರ್ತಿ ಫಲಿತಾಂಶಕ್ಕೆ ಎರಡು ಮೂರು ದಿನ ಬೇಕು. ಅಲ್ಲಿಯವರೆಗೆ ಊಹೆಯ ಮೇಲೆ ಒಳ್ಳೆಯ ಔಷಧಿ ಕೊಡುತ್ತೇವೆ.

ಬಂಧುಗಳೇ, ಆ ಊಹೆಯೇ ಈಗ ಕೈಕೊಡುತ್ತಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇತ್ತೀಚಿನ ವರ್ಷಗಳ ವರದಿಗಳನ್ನು ನೋಡಿ. ದೊಡ್ಡ ಆಸ್ಪತ್ರೆಗಳಿಂದ ಬಂದ ಕ್ಲೆಬ್ಸಿಯೆಲ್ಲಾ ಮಾದರಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಕಾರ್ಬಪೆನೆಮ್ ಎಂಬ ಪ್ರಬಲ ಔಷಧಿಗಳಿಗೂ ಬಗ್ಗುತ್ತಿಲ್ಲ. ಆಮೇಲೆ ಉಳಿಯುವ ಕೆಲವೇ ಔಷಧಿಗಳಲ್ಲಿ ಕೊಲಿಸ್ಟಿನ್ ಒಂದು. ಮೂತ್ರಪಿಂಡಕ್ಕೆ ಕೆಡುಕೆಂದು ಒಂದು ಕಾಲಕ್ಕೆ ಬದಿಗಿಟ್ಟಿದ್ದ ಮದ್ದು ಅದು. ಸರಿಯಾದ ಔಷಧಿ ಯಾವುದೆಂದು ಮೂರನೆಯ ದಿನ ತಿಳಿಯುವ ಹೊತ್ತಿಗೆ ಮಗು ಇರುವುದಿಲ್ಲ. ಕ್ಯಾನ್ಸರ್ ಸೋಲುತ್ತಿತ್ತು, ಮಗುವೇ ಹೋಯಿತು.

ಕ್ರಿಮಿಗಳಿಗೆ ಈ ಶಕ್ತಿ ಬಂದದ್ದು ಹೇಗೆ? ಆಂಟಿಬಯೋಟಿಕ್ ನುಂಗಿದಾಗ ಅದು ರೋಗದ ಕ್ರಿಮಿಯನ್ನಷ್ಟೇ ಹುಡುಕಿ ಕೊಲ್ಲುವುದಿಲ್ಲ. ಕರುಳಿನಲ್ಲಿರುವ ಕೋಟಿ ಕೋಟಿ ಬ್ಯಾಕ್ಟೀರಿಯಾಗಳಲ್ಲಿ ದುರ್ಬಲವಾದವು ಸಾಯುತ್ತವೆ, ತಾಳಿಕೊಂಡವು ಉಳಿದು ಬೆಳೆಯುತ್ತವೆ. ಕೆಲವು ಕ್ರಿಮಿಗಳು ಔಷಧಿಯನ್ನೇ ಕತ್ತರಿಸುವ ಕಿಣ್ವ ತಯಾರಿಸುತ್ತವೆ. ಆ ವಿದ್ಯೆಯನ್ನು ಬರೆದಿಟ್ಟ ಸಣ್ಣ ಉಂಗುರದಂಥ ಡಿಎನ್‌ಎಯನ್ನು ಪಕ್ಕದ ಕ್ರಿಮಿಗೂ ದಾಟಿಸುತ್ತವೆ. ಹೀಗೆ ಬಲಿತ ಕ್ರಿಮಿಗಳು ಮಲದಿಂದ ಚರಂಡಿಗೆ, ನೀರಿಗೆ, ಕೈಗೆ, ಇನ್ನೊಬ್ಬರ ಕರುಳಿಗೆ ಸೇರುತ್ತವೆ. ಲ್ಯುಕೇಮಿಯಾ ಆದ ಮಗು ಆಸ್ಪತ್ರೆಗೆ ಬರುವಾಗಲೇ ಅವನ್ನು ಹೊತ್ತು ಬಂದಿರಬಹುದು. ಮಗು ಒಂದು ಮಾತ್ರೆಯನ್ನೂ ತಪ್ಪಾಗಿ ನುಂಗಿರಬೇಕಿಲ್ಲ. ನಾವು ನೆಗಡಿಗೆ ನುಂಗಿದ್ದರ ಸಾಲವನ್ನು ಅದು ತೀರಿಸುತ್ತದೆ.

ನೆಗಡಿ, ಫ್ಲೂ ವೈರಸ್‌ನಿಂದ ಬರುವಂಥವು. ಅವಕ್ಕೆ ಆಂಟಿಬಯೋಟಿಕ್ ಏನೂ ಮಾಡುವುದಿಲ್ಲ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಪ್ರಶಸ್ತಿ ಪಡೆದಾಗಲೇ ಈ ಅಪಾಯದ ಎಚ್ಚರಿಕೆ ಕೊಟ್ಟಿದ್ದರು. ನಮ್ಮ ಸರ್ಕಾರ 2014ರಿಂದ ಎಚ್1 ಅನುಸೂಚಿ ಜಾರಿಗೆ ತಂದು, ಪ್ರಬಲ ಆಂಟಿಬಯೋಟಿಕ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದು, ಮಾರಿದ್ದನ್ನು ದಾಖಲಿಸಬೇಕು ಎಂದಿದೆ. ಕೋಳಿ, ದನಗಳಿಗೆ ಕೊಲಿಸ್ಟಿನ್ ಬಳಸುವುದನ್ನು 2019ರಲ್ಲಿ ನಿಷೇಧಿಸಿದೆ. ಆದರೆ ಅಂಗಡಿಯ ಮುಂದೆ ನಿಂತು ‘ಹೋದ ಸಲ ಕೊಟ್ಟದ್ದನ್ನೇ ಕೊಡಿ’ ಎನ್ನುವವರು ನಾವೇ ಆದರೆ ಕಾನೂನು ಏನು ಮಾಡೀತು?

ಊರ ಕೆರೆಯನ್ನು ನೆನೆಯಿರಿ. ಒಬ್ಬೊಬ್ಬರು ಕೊಳೆ ತೊಳೆದರೆ ಕೆರೆಯೇನು ಕೆಟ್ಟೀತು ಎನಿಸುತ್ತದೆ. ಎಲ್ಲರೂ ಹಾಗೆಂದುಕೊಂಡ ಮೇಲೆ ಬಾಯಾರಿ ಬಂದವನಿಗೆ ನೀರಿರುವುದಿಲ್ಲ. ಆಂಟಿಬಯೋಟಿಕ್ ಅಂಥ ಸಮುದಾಯದ ಸೊತ್ತು. ದಾಸೋಹದ ಮನೆಯಲ್ಲಿ ಅನ್ನ ಚೆಲ್ಲಬಾರದೆಂದು ಮಕ್ಕಳಿಗೆ ಹೇಳುವ ನಾವು ಮದ್ದನ್ನೂ ಚೆಲ್ಲಬಾರದು.

‘ಒಂದು ಕಡೆ ಬೇಗ ಕೊಡಿ ಎನ್ನುತ್ತೀರಿ, ಇನ್ನೊಂದು ಕಡೆ ಬೇಡ ಎನ್ನುತ್ತೀರಿ’ ಎಂದು ಕೇಳಬಹುದು. ಎರಡೂ ಒಂದೇ ಮಾತು. ಕಾವಲಿಲ್ಲದ ಮನೆಗೆ ತಕ್ಷಣ ಪಹರೆ ಬೇಕು. ಅದಕ್ಕಾಗಿ ಉಳಿದವರು ಪಹರೆಯವರನ್ನು ಸುಮ್ಮನೆ ಕರೆಯಬಾರದು.

ಇನ್ನು ನಾವು ಮಾಡಬೇಕಾದದ್ದು. ಮನೆಯಲ್ಲಿ ಲ್ಯುಕೇಮಿಯಾ ರೋಗಿಯಿದ್ದರೆ ಥರ್ಮಾಮೀಟರ್ ಇರಲಿ. 101 ಡಿಗ್ರಿ ಫ್ಯಾರನ್‌ಹೀಟ್ ಒಮ್ಮೆ ಬಂದರೂ, 100.4 ಡಿಗ್ರಿ ಒಂದು ಗಂಟೆ ನಿಂತರೂ ಬೆಳಗಾಗಲೆಂದು ಕಾಯಬೇಡಿ. ಅಳೆಯುವ ಮೊದಲು ಜ್ವರದ ಮಾತ್ರೆ ಕೊಡಬೇಡಿ, ಕೂಗು ಅಡಗಿಹೋಗುತ್ತದೆ. ಬೀದರ್, ರಾಯಚೂರಿನಿಂದ ಬೆಂಗಳೂರಿಗೆ ಒಂದು ಗಂಟೆಯಲ್ಲಿ ತಲುಪಲಾಗದು. ಆದ್ದರಿಂದ ಕಿದ್ವಾಯಿಯಂಥ ಆಸ್ಪತ್ರೆಯಿಂದ ಮನೆಗೆ ಹೊರಡುವಾಗಲೇ, ಜ್ವರ ಬಂದರೆ ಹತ್ತಿರದಲ್ಲಿ ಎಲ್ಲಿಗೆ ಹೋಗಬೇಕು, ಮೊದಲ ಡೋಸ್ ಯಾವುದು ಎಂದು ನಿಮ್ಮ ವೈದ್ಯರಿಂದ ಬರೆಸಿಕೊಳ್ಳಿ. ಆ ಚೀಟಿ ಸದಾ ಜೊತೆಯಲ್ಲಿರಲಿ.

ರೋಗಿಯನ್ನು ನೋಡಲು ಗುಂಪಾಗಿ ಹೋಗಬೇಡಿ. ಕೆಮ್ಮು ನೆಗಡಿ ಇದ್ದವರು ಹೋಗಲೇಬೇಡಿ. ಸೋಪಿನಿಂದ ಕೈ ತೊಳೆದು ಒಳಗೆ ಹೋಗಿ. ಪ್ರಸಾದ ಒಯ್ಯುವುದಾದರೆ ಆಗತಾನೇ ಬೇಯಿಸಿದ ಬಿಸಿ ಅನ್ನವಿರಲಿ, ತೆರೆದಿಟ್ಟ ಸಿಹಿ, ಕತ್ತರಿಸಿಟ್ಟ ಹಣ್ಣು ಬೇಡ.

ಆರೋಗ್ಯವಂತರು ವೈದ್ಯರ ಚೀಟಿಯಿಲ್ಲದೆ ಆಂಟಿಬಯೋಟಿಕ್ ಕೊಳ್ಳಬೇಡಿ. ವೈದ್ಯರು ಬೇಡವೆಂದರೆ ಒತ್ತಾಯಿಸಬೇಡಿ; ಕೊಟ್ಟರೆ ಹೇಳಿದಷ್ಟು ದಿನ ತೆಗೆದುಕೊಳ್ಳಿ. ಉಳಿದ ಮಾತ್ರೆಯನ್ನು ಪಕ್ಕದ ಮನೆಗೆ ಕೊಡುವುದು ಉಪಕಾರವಲ್ಲ. ಹಸುವಿನ ಕೆಚ್ಚಲು ಬಾವಿಗೂ ಪಶುವೈದ್ಯರನ್ನು ಕೇಳಿ, ಅವರು ಹೇಳಿದಷ್ಟು ದಿನ ಆ ಹಾಲನ್ನು ಡೇರಿಗೆ ಹಾಕಬೇಡಿ.

ಮಠಗಳಲ್ಲಿ ಶಾಲೆಗಳಿವೆ, ಸಾವಿರಾರು ಮಕ್ಕಳಿರುವ ಪ್ರಸಾದ ನಿಲಯಗಳಿವೆ. ಅಲ್ಲಿ ಪ್ರತಿ ಊಟದ ಮನೆ, ಶೌಚಾಲಯದ ಬಳಿ ನೀರು, ಸೋಪು ಇರಲಿ. ಮಕ್ಕಳ ಜ್ವರಕ್ಕೆ ಕಪಾಟಿನಲ್ಲಿ ಉಳಿದ ಮಾತ್ರೆ ಕೊಡುವ ರೂಢಿ ನಿಲ್ಲಲಿ. ಈ ಎರಡು ಕೆಲಸಗಳನ್ನು ಈ ತಿಂಗಳೇ ಆರಂಭಿಸಬೇಕೆಂದು ಪೂಜ್ಯರಲ್ಲಿಯೂ ನಿಮ್ಮಲ್ಲಿಯೂ ಬಿನ್ನವಿಸಿ ನನ್ನ ಮಾತು ಮುಗಿಸುತ್ತೇನೆ.