ಉಪ್ಪುಗಾಳಿಯ ಆಯ್ಕೆ

ಕಡಲ ಬದಿಯ ಪುಟ್ಟ ಮನೆಯಲ್ಲಿ ಯಾವ ಸಾಮಾನು ಉಳಿಯಬೇಕೆಂದು ತೀರ್ಮಾನಿಸುವುದು ಉಪ್ಪುಗಾಳಿ. ಥಳಥಳಿಸುವ ಕಬ್ಬಿಣದ ಕುರ್ಚಿ ತಂದಿಡಿ, ಒಂದೆರಡು ಮಳೆಗಾಲಕ್ಕೇ ತುಕ್ಕು. ಅಜ್ಜನ ಕಾಲದ ಹಲಸಿನ ಮರದ ಬೆಂಚು ಮಾತ್ರ ಜಗಲಿಯಲ್ಲಿ ಗಟ್ಟಿಯಾಗಿ ಕೂತಿರುತ್ತದೆ.

ಮೇಲೆ ಮಂಗಳೂರು ಹೆಂಚು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಅಂದಿನಿಂದ ಆ ಕೆಂಪು ನಮ್ಮ ಕರಾವಳಿಯ ಕಣ್ಣಿಗೆ ಒಗ್ಗಿಹೋಗಿದೆ. ಹೆಂಚಿನ ಸಂದಿಯಲ್ಲಿ ಗಾಳಿ ಆಡುತ್ತದೆ, ಸೆಕೆ ಹೊರಗೆ ಹೋಗುತ್ತದೆ. ಕೆಳಗೆ ಕಾವಿಯ ನೆಲ, ಬರಿಗಾಲಿಗೆ ತಂಪು. ಅದರ ಮೇಲೆ ರತ್ನಗಂಬಳಿ ಯಾಕೆ ಹೇಳಿ? ಮರಳು ತುಂಬಿಕೊಳ್ಳುವುದಕ್ಕೆ, ಅಷ್ಟೆ! ಒಂದು ಚಾಪೆ ಸಾಕು.

ಹಳೆಯ ತಾಮ್ರದ ಹಂಡೆ ಇದ್ದರೆ ಮೂಲೆಯಲ್ಲಿಡಿ. ಹಸಿರುಗಟ್ಟಿದರೆ ಗಟ್ಟಲಿ. ಏನಾದರೂ ಕೊಳ್ಳೋಣವೆಂದು ಪೇಟೆಗೆ ಹೊರಡುವ ಮೊದಲು, ಒಮ್ಮೆ ಅಟ್ಟ ಹತ್ತಿ ನೋಡಿ.