‘ಬಾಯಿ ಕಟ್ಟಿದ್ರೆ ಸಾಕಿತ್ತಲ್ವಾ?’

ತೂಕ ಇಳಿಸೋ ಸರ್ಜರಿಗೆ ಮುಂಚೆ ಬ್ಲಡ್ ಟೆಸ್ಟ್‌ಗೆ ಹೋಗಿದ್ದೆ. ಸೂಜಿ ಚುಚ್ಚುತ್ತಾ ಸಿಸ್ಟರ್ ಕೇಳಿದ್ರು: “ಸ್ವಲ್ಪ ಬಾಯಿ ಕಟ್ಟಿದ್ರೆ ಸಾಕಿತ್ತಲ್ವಾಮ್ಮ? ಹೊಟ್ಟೇನೇ ಕತ್ತರಿಸ್ಕೋಬೇಕಾ?” ನಾನು ಸುಮ್ಮನೆ ನಕ್ಕೆ. ಆಮೇಲೆ ಆಟೋದಲ್ಲಿ ಕೂತು ಅತ್ತೆ.

ಆಗ ನನ್ನ ತೂಕ 112 ಕೆ.ಜಿ. ಜೊತೆಗೆ ಶುಗರ್. ಹತ್ತು ವರ್ಷ ಡಯೆಟ್ ಮಾಡಿದ್ದೆ. ಇಳಿದ ತೂಕ ಪ್ರತಿ ಸಲ ವಾಪಸ್ ಬಂದಿತ್ತು.

ನನಗೆ ಮಾಡಿದ್ದು ಸ್ಲೀವ್ ಸರ್ಜರಿ. ಇದರಲ್ಲಿ ಜಠರದ ಸುಮಾರು ಮುಕ್ಕಾಲು ಭಾಗ ತೆಗೀತಾರೆ. ಹಸಿವು ಹುಟ್ಟಿಸೋ ಗ್ರೆಲಿನ್ ಹಾರ್ಮೋನ್ ಹೆಚ್ಚಾಗಿ ತಯಾರಾಗೋದು ಅಲ್ಲೇ. ಅಂದ್ರೆ ಹಸಿವು ಬರೀ ಬಾಯಿಚಪಲ ಅಲ್ಲ.

ಆದ್ರೆ ಆ ಮಾತು ಮನಸ್ಸಲ್ಲೇ ಉಳೀತು. ಆಪರೇಷನ್ ಆದ್ಮೇಲೆ ವಿಟಮಿನ್ ಮಾತ್ರೆ ತಪ್ಪಿಸಿದ್ದೆ. ಬೈತಾರೆ ಅಂತ ಫಾಲೋಅಪ್‌ಗೂ ಹೋಗಲಿಲ್ಲ. ಅಂಗಾಲು ಜುಮ್ಮೆನ್ನೋಕೆ ಶುರುವಾದಾಗ ಬೇರೆ ಡಾಕ್ಟರ್ ಹತ್ರ ಹೋದೆ. ಬಿ12 ತೀರಾ ಕಡಿಮೆ ಇತ್ತು. ಅವರು ಬೈಯಲಿಲ್ಲ. “ಬರೋಕೆ ಯಾಕೆ ಇಷ್ಟು ತಡ ಆಯ್ತು?” ಅಂದ್ರು. ಎಲ್ಲಾ ಹೇಳಿದೆ. ಇಂಜೆಕ್ಷನ್ ಶುರುವಾಯ್ತು.

ಈ ಸರ್ಜರಿ ಸುಲಭದ ದಾರಿ ಅಲ್ಲ. ಮಾತ್ರೆ, ಬ್ಲಡ್ ಟೆಸ್ಟ್ ಜೀವನಪೂರ್ತಿ ಇರುತ್ತೆ. ಅದಕ್ಕೇ ಆಸ್ಪತ್ರೆಯವರಿಗೆ ಒಂದು ಮಾತು: ನೀವು ನಾಚಿಸಿದ್ರೆ ನಾವು ತೆಳ್ಳಗಾಗಲ್ಲ, ಆಸ್ಪತ್ರೆಗೆ ಬರೋದು ಬಿಡ್ತೀವಿ. ಸರ್ಜರಿ ಮಾಡಿಸ್ಕೊಂಡವರಿಗೆ ಇನ್ನೊಂದು: ಯಾರೇನೇ ಅನ್ನಲಿ, ಫಾಲೋಅಪ್ ಬಿಡಬೇಡಿ. ಒಬ್ಬರು ಸರಿಯಾಗಿ ಮಾತಾಡಿಸದಿದ್ರೆ ಡಾಕ್ಟರನ್ನ ಬದಲಾಯಿಸಿ.