ಮಾಲು ಸಾಗಿಸುವ ಕಸುಬನ್ನು ನಮ್ಮ ಹುಡುಗರೂ ಕಲಿಯಲಿ
(ಬೆಳ್ಳಿಹಬ್ಬದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಆಡಿದ ಮಾತುಗಳು)



ನಾವು ಎಸ್.ಎಸ್.ಎಲ್.ಸಿ. ಮುಗಿಸಿ ತೋಟಕ್ಕೆ ಇಳಿದವರು. ಭಾಷಣ ಅಭ್ಯಾಸವಿಲ್ಲ. ಮನಸ್ಸಿನಲ್ಲಿರುವ ಒಂದು ವಿಷಯ ಹೇಳಿ ಕೂತ್ಕೊಳ್ತೇವೆ.

ಒಂದು ಮಳೆಗಾಲ, ಬೆಲೆ ಏರಲಿ ಅಂತ ಚಾಲಿ ಅಡಿಕೆ ಚೀಲಗಳನ್ನು ಗೋಡೆಗೆ ತಾಗಿಸಿ ನೆಲದ ಮೇಲೇ ಒಟ್ಟಿದ್ದೆವು. ಅಡಿಗೆ ಹಲಗೆ ಹಾಕಲಿಲ್ಲ. ಬಿಚ್ಚಿ ನೋಡಿದರೆ ಕೆಳಗಿನ ಸಾಲು ಪೂರಾ ಬೂಸಲು. ಬೆಳೆಯೋದು ಗೊತ್ತಿತ್ತು, ಇಡೋದು ಗೊತ್ತಿರಲಿಲ್ಲ. ಆ ಇಡುವ, ತೂಗುವ, ಹೇರುವ, ಹೊತ್ತಿಗೆ ಮುಟ್ಟಿಸುವ ಕೆಲಸಕ್ಕೇ ಈಗ ಲಾಜಿಸ್ಟಿಕ್ಸ್ ಎನ್ನುತ್ತಾರೆ. ಭಟ್ಕಳದ ಮಲ್ಲಿಗೆ ಹೊತ್ತಿಗೆ ಬಸ್ಸು ಹತ್ತದಿದ್ದರೆ ದುಡ್ಡಲ್ಲ. ಹೊನ್ನಾವರದ ಮೀನಿಗೆ ಮಂಜುಗಡ್ಡೆ ತಪ್ಪಿದರೆ ಅದೂ ಅಷ್ಟೇ. ಕುಮಟಾದಿಂದ ಹೊರರಾಜ್ಯಕ್ಕೆ ಅಡಿಕೆ ಲಾರಿ ಹೊರಡಬೇಕಾದರೆ, ಮಾಲು 50,000 ರೂಪಾಯಿ ದಾಟಿದರೆ, 2018ರಿಂದ ಇ-ವೇ ಬಿಲ್ಲು ಬೇಕು. 1999ರಲ್ಲಿ ಕೊಂಕಣ ರೈಲ್ವೆಯವರು ಲಾರಿಗಳನ್ನೇ ರೈಲಿನ ಮೇಲೆ ಹೇರಿಕೊಂಡು ಹೋಗುವ ರೋ-ರೋ ಶುರು ಮಾಡಿದರು. ನಮ್ಮ ಗದ್ದೆಯ ಅಂಚಿನಲ್ಲೇ ಹೋಗುತ್ತದೆ, ನಾವು ನೋಡ್ತಾ ನಿಲ್ತೇವೆ.

ನಮ್ಮ ಅಕ್ಕನ ಮಗ ಬೆಂಗಳೂರಿನ ಒಂದು ಗೋದಾಮಿನಲ್ಲಿ ಎರಡು ವರ್ಷ ದುಡಿದ. ಕೆಲಸ ಚೆನ್ನಾಗೇ ಕಲಿತ. ಬಿಟ್ಟು ಬರುವಾಗ ಕೈಯಲ್ಲಿ ಒಂದು ತುಂಡು ಕಾಗದ ಇಲ್ಲ. ಮುಂದಿನ ಕಡೆ ಮತ್ತೆ ಹೊಸಬ, ಮತ್ತೆ ಅದೇ ಸಂಬಳ. "ತಮ್ಮಾ, ಇವ ಎರಡು ವರ್ಷ ಎಂತ ಮಾಡ್ದ ಹಾಗಾಯ್ತು?" ಅಂತ ಅಕ್ಕ ಕೇಳಿದಾಗ ನಮಗೆ ಉತ್ತರ ಬರಲಿಲ್ಲ.

ಆಮೇಲೆ ವಿಚಾರಿಸಿ ತಿಳಿದದ್ದು. ಅಪ್ರೆಂಟಿಸ್ ಕಾಯ್ದೆ 1961ರದ್ದು. ಸರ್ಕಾರಿ ಮಾತಿನಲ್ಲಿ ಶಿಶಿಕ್ಷು. ನಮ್ಮಲ್ಲಿ ಅದು ಐ.ಟಿ.ಐ. ಫಿಟ್ಟರ್‌ಗೆ ಮಾತ್ರ ಅಂತ ತಿಳ್ಕೊಂಡವರೇ ಹೆಚ್ಚು. ಹಾಗಲ್ಲ. ಗೋದಾಮಿನಲ್ಲಿ ಮಾಲು ಪ್ಯಾಕ್ ಮಾಡುವುದು, ದಾಸ್ತಾನು ಲೆಕ್ಕ ಇಡುವುದು ಇವಕ್ಕೂ ಉಂಟು. 30 ಮತ್ತು ಹೆಚ್ಚು ಜನರಿರುವ ಸಂಸ್ಥೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ನಾಲ್ಕು ಜನರಿದ್ದರೂ ಇಷ್ಟಪಟ್ಟರೆ ತೆಗೆದುಕೊಳ್ಳಬಹುದು. 2019ರ ನಿಯಮದಲ್ಲಿ ಎಸ್.ಎಸ್.ಎಲ್.ಸಿ. ಆದವರಿಗೆ ಕನಿಷ್ಠ 6,000 ರೂಪಾಯಿ ಸ್ಟೈಪೆಂಡ್ ಇಟ್ಟರು. 2016ರ ಯೋಜನೆಯಂತೆ ಕಾಲು ಭಾಗ, 1,500 ರೂಪಾಯಿ ಮೀರದಂತೆ, ಕೇಂದ್ರ ಸರ್ಕಾರದ್ದು. ಕರಾರು ನೋಂದಣಿಯಾಗಬೇಕು, ತರಬೇತಿ ಮುಗಿಸಿ ಪರೀಕ್ಷೆ ಪಾಸಾದವನಿಗೆ ಪ್ರಮಾಣಪತ್ರ. ನಮ್ಮ ಹುಡುಗನಿಗೆ ಇಲ್ಲದೇ ಹೋದದ್ದು ಅದೇ.

ಒಂದು ಮಾತು ಮುಚ್ಚಿಡಬಾರದು. ತರಬೇತಿ ಕೊಟ್ಟವರು ನೌಕರಿಯನ್ನೂ ಕೊಡಲೇಬೇಕೆಂದು ಕಾಯ್ದೆಯಲ್ಲಿಲ್ಲ. 6,000 ರೂಪಾಯಿಗೆ ಬೆಂಗಳೂರಿನಲ್ಲಿ ಬಾಡಿಗೆ ಕೊಟ್ಟು ಊಟ ಮಾಡೋದೂ ಕಷ್ಟ. ಅದಕ್ಕೇ ಊರಿನ ಹತ್ತಿರವೇ ಜಾಗ ಹುಡುಕಬೇಕು ಅಂತ ನಮ್ಮ ಅಭಿಪ್ರಾಯ. ನಮ್ಮ ಸಂಘಕ್ಕೂ ಗೋದಾಮಿದೆ, ತಕ್ಕಡಿಯಿದೆ, ಗೊಬ್ಬರದ ದಾಸ್ತಾನು ಪುಸ್ತಕವಿದೆ. ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಕರಾರಿನ ಮೇಲೆ ತೆಗೆದುಕೊಳ್ಳಲು ಕಾರ್ಯದರ್ಶಿಯವರು ಅರ್ಜಿ ಹಾಕಲಿ. ಮುಂದಿನ ಆಡಳಿತ ಮಂಡಳಿ ಸಭೆಗೆ ಈ ಠರಾವು ನಾವೇ ತರ್ತೇವೆ. ಖರ್ಚಿನ ಪ್ರಶ್ನೆ ಬಂದಾಗ ಸದಸ್ಯರು ಬೆನ್ನಿಗಿರಬೇಕು.